ನೆರಳು ಅಳೆದು ಭೂಮಿಯ ಸುತ್ತಳತೆ: ಹೋಮ್‌ಸ್ಕೂಲಿಂಗ್ ಕುಟುಂಬಗಳಿಗೊಂದು ಮಧ್ಯಾಹ್ನ

ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನ ನೆತ್ತಿಗೆ ಸೂರ್ಯ ನೇರವಾಗಿ ಬರುತ್ತಾನೆ. ನೆಟ್ಟಗೆ ನಿಂತ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಇದೇ ಶೂನ್ಯ ನೆರಳಿನ ದಿನ. ಆಗಸ್ಟ್ 18ರ ಹೊತ್ತಿಗೆ ಮತ್ತೊಮ್ಮೆ ಬರುತ್ತದಾದರೂ ಮಳೆಗಾಲದ ಮೋಡವನ್ನು ನಂಬುವಂತಿಲ್ಲ. ಏಪ್ರಿಲ್‌ನ ಆ ದಿನ ಬೆಂಗಳೂರಿನಲ್ಲೊಂದು, ಕಲಬುರಗಿಯಲ್ಲೊಂದು ಗುಂಪು ಸೇರಿದರೆ, ಸುಮಾರು 2,200 ವರ್ಷಗಳ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಮಾಡಿದಂತೆ ಭೂಮಿಯನ್ನೇ ಅಳೆಯಬಹುದು. ಈ ಎರಡು ಊರುಗಳು ಹೆಚ್ಚುಕಡಿಮೆ ಒಂದೇ ಉತ್ತರ–ದಕ್ಷಿಣ ಗೆರೆಯ ಮೇಲಿರುವುದು ನಮ್ಮ ಅದೃಷ್ಟ.

ಕೋಲು ನೆಡುವ ಆಸೆ ಬಿಡಿ. ಒಂದು ಮೀಟರ್ ಕೋಲಿನ ನೆರಳಿನ ತುದಿ ಸುಮಾರು 1 ಸೆಂ.ಮೀ. ಮಸುಕಾಗಿರುತ್ತದೆ, ಕೋಲು ಒಂದು ಡಿಗ್ರಿ ವಾಲಿದರೆ ಇನ್ನೂ 1.7 ಸೆಂ.ಮೀ. ತಪ್ಪು. ಬದಲಿಗೆ ಎ4 ಅಳತೆಯ ರಟ್ಟಿನ ನಡುವೆ 3 ಮಿ.ಮೀ. ತೂತು ಕೊರೆಯಿರಿ. ಮೇಜಿನ ಮೇಲೆ ಸ್ಟೂಲಿಟ್ಟು, ರಟ್ಟು ಉತ್ತರಕ್ಕೆ ಚಾಚುವಂತೆ ಅಂಟಿಸಿ. ತೂತು ಕೆಳಗಿನ ಕಾಗದದಿಂದ ಸರಿಯಾಗಿ 100 ಸೆಂ.ಮೀ. ಮೇಲಿರಲಿ. ಗಾರೆಯವರ ತೂಕದ ಗುಂಡನ್ನು ತೂತಿನಿಂದ ಇಳಿಬಿಟ್ಟು, ಅಲ್ಲಾಟ ಪೂರ್ತಿ ನಿಂತ ಮೇಲೆ ಬುಡದ ಬಿಂದು ಗುರುತಿಸಿ, ದಾರ ತೆಗೆಯಿರಿ. ಈಗ ಕಾಗದದ ಮೇಲೆ ಬೀಳುವುದು ದುಂಡನೆಯ ಬೆಳಕಿನ ಚುಕ್ಕಿ. ಅದರ ನಡುವನ್ನು ಗುರುತಿಸುವುದು ಎಂಟು ವರ್ಷದ ಮಕ್ಕಳಿಗೂ ಸುಲಭ.

ಹನ್ನೆರಡಕ್ಕೆ ಶುರುಮಾಡಿ, ಎರಡು ನಿಮಿಷಕ್ಕೊಂದು ಚುಕ್ಕಿಯಂತೆ 12.35ರವರೆಗೆ ಗುರುತು ಹಾಕಿ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೇರುವುದು ಸುಮಾರು 12.17ಕ್ಕೆ, ಕಲಬುರಗಿಯಲ್ಲಿ ಮೂರು ನಿಮಿಷ ತಡವಾಗಿ. ಗಡಿಯಾರ ನೋಡಿ ಒಂದೇ ಒಂದು ಚುಕ್ಕಿ ಹಾಕುವ ಗುಂಪುಗಳು ಕೆಡುವುದು ಇಲ್ಲೇ: ಹತ್ತು ನಿಮಿಷ ಆಚೀಚೆಯಾದರೆ ಕಲಬುರಗಿಯಲ್ಲಿ ಬುಡದಿಂದ ಚುಕ್ಕಿಗಿರುವ 7.6 ಸೆಂ.ಮೀ. ಅಳತೆ 8.7 ಆಗಿಬಿಡುತ್ತದೆ. ಚುಕ್ಕಿಗಳ ಸಾಲಿನಲ್ಲಿ ಬುಡಕ್ಕೆ ಅತಿ ಹತ್ತಿರದ್ದನ್ನೇ ಆರಿಸಿ.

ಪುಟಾಣಿಗಳನ್ನು ಈ ಕಾಗದದಿಂದ ದೂರವಿಡಿ, ಚುಕ್ಕಿ ಅಳಿಸಿಹಾಕುತ್ತಾರೆ! ಅವರಿಗೆ ಸೀಮೆಸುಣ್ಣ ಕೊಟ್ಟು, ಲೋಟ, ಡಬ್ಬಿ, ಪೈಪಿನ ತುಂಡುಗಳ ನೆರಳು ಬರೆಯಲು ಹೇಳಿ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಮೊದಲೇ ತಿಳಿಸಿ. ಬಿಸಿಲು ಕಡುವಾಗಿರುತ್ತದೆ, ಹತ್ತಿರದಲ್ಲಿ ಮರವೋ ಶಾಮಿಯಾನವೋ ಇರಲಿ, ಮಜ್ಜಿಗೆ ಧಾರಾಳವಾಗಿರಲಿ.

ಲೆಕ್ಕ ದೊಡ್ಡ ಮಕ್ಕಳದು. 7.6ನ್ನು 100ರಿಂದ ಭಾಗಿಸಿ, ಕ್ಯಾಲ್ಕುಲೇಟರಿನಲ್ಲಿ ವಿಲೋಮ ಟ್ಯಾನ್ (tan⁻¹) ಒತ್ತಿದರೆ ಸುಮಾರು 4.35 ಡಿಗ್ರಿ. ಬೆಂಗಳೂರಿನ ಕೋನ ಸೊನ್ನೆಯಾದ್ದರಿಂದ, ಭೂಮಿಯ ಪೂರ್ತಿ ಸುತ್ತಿನ 360 ಡಿಗ್ರಿಯಲ್ಲಿ ಎರಡೂ ಊರುಗಳ ನಡುವಿನ ಪಾಲು ಇದೇ. ತ್ರಿಕೋನಮಿತಿ ಬಾರದವರು ಚಿತ್ರ ಬರೆದು ಕೋನಮಾಪಕವಿಡಬಹುದು, ನಿಖರತೆ ತುಸು ಕಡಿಮೆ. ಎರಡೂ ಊರುಗಳ ನಡುವಿನ ಉತ್ತರ–ದಕ್ಷಿಣ ದೂರ ಸುಮಾರು 483 ಕಿ.ಮೀ.; ಅದನ್ನು ನಕ್ಷೆಯ ಅಳತೆಪಟ್ಟಿಯಿಂದಲೇ ತೆಗೆಯಿರಿ. ಮೊಬೈಲ್ ತೋರಿಸುವ ರಸ್ತೆಯ ದೂರ ಹಾಕಿದರೆ ಭೂಮಿ ಊದಿಕೊಳ್ಳುತ್ತದೆ. ಅಕ್ಷಾಂಶದಿಂದ ದೂರ ಲೆಕ್ಕಹಾಕಿದರೆ ಉತ್ತರವನ್ನೇ ಪ್ರಶ್ನೆಯೊಳಗೆ ತುರುಕಿದಂತೆ. 483ನ್ನು 360ರಿಂದ ಗುಣಿಸಿ 4.35ರಿಂದ ಭಾಗಿಸಿದರೆ 39,972 ಕಿ.ಮೀ. ಆದರೆ ಚುಕ್ಕಿ ಅರ್ಧ ಸೆಂ.ಮೀ. ಹೆಚ್ಚಾದರೂ 2,400 ಕಿ.ಮೀ. ಕಡಿಮೆ ಬರುತ್ತದೆ. ಹಾಗಾಗಿ ಪ್ರತಿ ಊರಿನಲ್ಲೂ ಮೂರು ರಟ್ಟುಗಳನ್ನಾದರೂ ಹೂಡಿ ಸರಾಸರಿ ತೆಗೆಯಿರಿ.

ಆ ದಿನ ಎಲ್ಲರಿಗೂ ಬಿಡುವಿಲ್ಲವೇ? ಹತ್ತಿರದ ಭಾನುವಾರವೂ ನಡೆದೀತು, ಎರಡೂ ಕಡೆ ಅದೇ ದಿನ ಅಳೆದರಾಯಿತು. ಚುಕ್ಕಿಗಳು ಎರಡೂ ಊರಿನಲ್ಲಿ ಬುಡದ ಉತ್ತರಕ್ಕಿದ್ದರೆ ಕೋನಗಳನ್ನು ಕಳೆಯಿರಿ. ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕಿದ್ದರೆ ಕೂಡಿಸಿ.