ಕ್ಲೀನ್, ಕ್ರಂಚ್, ಸ್ಯಾಗ್: ಗಿಟಾರ್ ಆಂಪ್‌ನ ದನಿ ಗುರುತಿಸುವುದು ಹೇಗೆ?

ಮಳೆ ಹಿಡಿದರೆ ಕೊಡಗಿನಲ್ಲಿ ಗಿಟಾರ್ ಅಭ್ಯಾಸಕ್ಕೆ ಸಂಜೆಗಳು ಧಾರಾಳ. ಮಡಿಕೇರಿ, ವಿರಾಜಪೇಟೆಯ ಹುಡುಗ ಹುಡುಗಿಯರ ಕೈಯಲ್ಲೂ ಈಗ ಸಣ್ಣ ಮಾಡೆಲಿಂಗ್ ಆಂಪ್ (ಹೆಸರಾಂತ ಹಳೆಯ ಆಂಪ್ಲಿಫೈಯರ್‌ಗಳ ದನಿಯನ್ನು ಅನುಕರಿಸುವ ಪೆಟ್ಟಿಗೆ) ಇದೆ, ಇಲ್ಲವೇ ಮೊಬೈಲ್ ಆ್ಯಪ್. ಅದರೊಳಗಿನ ಟ್ವೀಡ್, ಬ್ಲ್ಯಾಕ್‌ಫೇಸ್, ಪ್ಲೆಕ್ಸಿ ಎಂಬ ಹೆಸರುಗಳನ್ನು ಓದಿ ಅರ್ಥ ಮಾಡಿಕೊಳ್ಳಲಾಗದು, ನುಡಿಸುತ್ತಲೇ ತಿಳಿಯಬೇಕು.

ಮೊದಲು ತಂತಿ ನೋಡಿ. ನಮ್ಮ ತೇವಕ್ಕೆ ಅವು ಬೇಗ ತುಕ್ಕು ಹಿಡಿಯುತ್ತವೆ. ತುಕ್ಕು ತಂತಿಯಲ್ಲಿ ಟ್ರೆಬಲ್, ಅಂದರೆ ದನಿಯ ಚೂಪು ಭಾಗ, ಸತ್ತಿರುತ್ತದೆ, ಯಾವ ಆಂಪ್ ಆರಿಸಿದರೂ ವ್ಯತ್ಯಾಸ ಕೇಳಿಸದು.

ಈಗ ಬ್ಲ್ಯಾಕ್‌ಫೇಸ್ ಆರಿಸಿ, ಗೇನ್ (ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂದು ಹೇಳುವ ಗುಂಡಿ) ಕಡಿಮೆ ಇಡಿ. 1963ರಿಂದ 1967ರವರೆಗೆ ಫೆಂಡರ್ ಕಂಪನಿ ಮಾಡಿದ, ಮುಂಭಾಗದ ಪಟ್ಟಿ ಕಪ್ಪಾಗಿರುವ ಆಂಪ್‌ಗಳಿವು. ಎಷ್ಟು ಜೋರಾಗಿ ಮೀಟಿದರೂ ಸ್ವರ ದೊಡ್ಡದಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಇದೇ ಕ್ಲೀನ್, ಒಡೆಯದೆ ತಾಳಿಕೊಳ್ಳುವ ಆ ಶಕ್ತಿಗೆ ಹೆಡ್‌ರೂಮ್ ಎನ್ನುತ್ತಾರೆ. ಸುಮಾರು 85 ವ್ಯಾಟ್‌ನ ಟ್ವಿನ್ ರಿವರ್ಬ್‌ನಲ್ಲಿ ಅದು ಬಹಳ.

ನಂತರ ಟ್ವೀಡ್‌ಗೆ ಬನ್ನಿ. 1950ರ ದಶಕದ, ಬಟ್ಟೆ ಹೊದಿಸಿದ ಫೆಂಡರ್‌ಗಳಿವು. ಮೆಲ್ಲಗೆ ಮೀಟಿದಾಗ ಕ್ಲೀನ್, ಜೋರಾಗಿ ಮೀಟಿದಾಗ ದನಿಯ ಅಂಚು ಒಡೆಯುವಷ್ಟು ಮಾತ್ರ ಗೇನ್ ಏರಿಸಿ. ಇದು ಬ್ರೇಕಪ್. ಆಂಪ್‌ನೊಳಗೆ ಸಿಗ್ನಲ್ ಹಿಗ್ಗಿಸುವ ಗಾಜಿನ ಟ್ಯೂಬ್ ತನ್ನ ಮಿತಿ ಮುಟ್ಟಿದಾಗ ಸಿಗ್ನಲ್‌ನ ಅಲೆಯ ತುದಿಗಳು ಕತ್ತರಿಸಿಹೋಗಿ ಹೊಸ ಹಾರ್ಮೋನಿಕ್ಸ್ (ಮೂಲ ಸ್ವರದ ಮೇಲಿನ ಉಪಸ್ವರಗಳು) ಸೇರಿಕೊಳ್ಳುತ್ತವೆ. ಗಿಟಾರ್‌ನ ವಾಲ್ಯೂಮ್ ಗುಂಡಿಯನ್ನು 10ರಿಂದ 6ಕ್ಕೆ ಇಳಿಸಿ, ದನಿ ಮತ್ತೆ ತಿಳಿಯಾಗುತ್ತದೆ. ಇಲ್ಲಿ ಅವಸರ ಬೇಡ. ಬೇರೆಲ್ಲ ಹೆಸರುಗಳಿಗಿಂತ ಈ ಒಂದು ಜಾಗವನ್ನು ಕೈ ಕಲಿಯುವುದು ಮುಖ್ಯ ಎಂಬುದು ನನ್ನ ಖಚಿತ ನಂಬಿಕೆ.

ಕ್ರಂಚ್ ಎಂದರೆ ಅಲ್ಲಿಂದ ಮುಂದಿನ ಮೆಟ್ಟಿಲು. ಫೆಂಡರ್‌ನ ಬಾಸ್‌ಮನ್ ಆಂಪ್‌ನ ಸರ್ಕ್ಯೂಟ್ ಅನುಸರಿಸಿ ಲಂಡನ್ನಿನಲ್ಲಿ 1962ರಲ್ಲಿ ಜಿಮ್ ಮಾರ್ಷಲ್ ಅಂಗಡಿಯವರು ಜೆಟಿಎಂ45 ಆಂಪ್ ಕಟ್ಟಿದರು. ಅದರ ನಂತರ ಬಂದ, ಪ್ಲೆಕ್ಸಿಗ್ಲಾಸ್ ಪಟ್ಟಿಯ ಮಾರ್ಷಲ್‌ಗಳೇ ಪ್ಲೆಕ್ಸಿ. ಇವುಗಳಲ್ಲಿ ಮಿಡ್, ಅಂದರೆ ಬಾಸ್‌ಗೂ ಟ್ರೆಬಲ್‌ಗೂ ನಡುವಿನ ದನಿ, ಮುಂದೆ ನುಗ್ಗಿ ಬರುತ್ತದೆ. ಆರೂ ತಂತಿಯ ಕಾರ್ಡ್ ಹಿಡಿದು ಕೇಳಿ: ಒಡೆದ ದನಿಯಲ್ಲೂ ಸ್ವರಗಳು ಬಿಡಿಬಿಡಿಯಾಗಿ ಕೇಳಿಸಿದರೆ ಕ್ರಂಚ್, ಕಲಸಿಹೋದರೆ ಗೇನ್ ಅತಿಯಾಗಿದೆ.

ಚೈಮ್ ಎಂಬ ಗಂಟೆಯಂಥ ದನಿಗೆ ವಾಕ್ಸ್ ಕಂಪನಿಯ ಎಸಿ30 ಆರಿಸಿ, ಓಪನ್ ಡಿ ಕಾರ್ಡ್ ನುಡಿಸಿ. ತೆಳು ತಂತಿಗಳ ಆ ಗಣಗಣ ಮರೆಯುವುದಿಲ್ಲ.

ಕಿವಿಗಿಂತ ಬೆರಳಿಗೆ ಬೇಗ ಸಿಗುವುದು ಸ್ಯಾಗ್. ಟ್ಯೂಬ್ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿಗೆ ಬದಲಿಸುವ ಟ್ಯೂಬ್) ಇರುವ ಆಂಪ್‌ನಲ್ಲಿ ಜೋರಾಗಿ ಮೀಟಿದ ಕೂಡಲೇ ಒಳಗಿನ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ, ಮಿಕ್ಸಿ ಹಾಕಿದಾಗ ಬಲ್ಬ್ ಮಂಕಾಗುವಂತೆ. ಸ್ವರದ ಮೊದಲ ಪೆಟ್ಟು ಮೆತ್ತಗಾಗಿ, ಆಮೇಲೆ ಉಬ್ಬುತ್ತದೆ. ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ತಮ್ಮ ಹೆಸರಾಂತ ‘ಬ್ರೌನ್ ಸೌಂಡ್’ಗಾಗಿ ಮಾರ್ಷಲ್‌ಗೆ ಹೋಗುವ ವೋಲ್ಟೇಜನ್ನೇ ವೇರಿಯಾಕ್ ಎಂಬ ವೋಲ್ಟೇಜ್ ಹೊಂದಿಸುವ ಉಪಕರಣದಿಂದ ಇಳಿಸುತ್ತಿದ್ದರು. ನೀವು ಹಾಗೆ ಮಾಡಬೇಡಿ. ಟ್ಯೂಬ್ ಆಂಪ್ ಬಿಚ್ಚುವುದಂತೂ ಬೇಡವೇ ಬೇಡ: ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು, ಜೀವಕ್ಕೆ ಅಪಾಯ.

ಕೊನೆಗೆ ಸ್ಕೂಪ್ಡ್, ಅಂದರೆ ಮಿಡ್ ತಗ್ಗಿಸಿ ಬಾಸ್, ಟ್ರೆಬಲ್ ಏರಿಸಿದ ದನಿ. ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಇದು ಭರ್ಜರಿ. ದಸರಾ ವೇದಿಕೆಯಲ್ಲಿ ಡ್ರಮ್ಸ್, ಬಾಸ್ ಗಿಟಾರ್ ಜೊತೆಯಾದರೆ ನಿಮ್ಮ ಗಿಟಾರ್ ಕೇಳಿಸುವುದೇ ಇಲ್ಲ. ಆಗ ವಾಲ್ಯೂಮ್ ಏರಿಸುವ ಮೊದಲು ಮಿಡ್ ಗುಂಡಿ ಏರಿಸಿ. ಸಾಲದಿದ್ದರೆ ಸೌಂಡ್‌ನವರಿಗೂ ‘ಅಣ್ಣಾ, ಗಿಟಾರ್‌ಗೆ ಸ್ವಲ್ಪ ಮಿಡ್ ಕೊಡಿ’ ಅಂತ ಹೇಳಿ.