ಕುಗ್ಗಿದ ರೀಲಿನಿಂದ ಟಕೋಮಾ ಸೇತುವೆಯ ನಿಜವಾದ ವೇಗ

16 ಎಂಎಂ ಫಿಲ್ಮ್ ರೀಲು ಒಂದೂವರೆ ಪರ್ಸೆಂಟ್ ಕುಗ್ಗಿದ್ದರೆ ಮನೆಯಲ್ಲಿ ಸ್ಕ್ಯಾನ್ ಮಾಡುವ ಆಸೆ ಬಿಟ್ಟುಬಿಡು ಅಂತ ಇಲ್ಲಿನ ಸಂಗ್ರಾಹಕರೆಲ್ಲ ಹೇಳಿದ್ದರು. ಸ್ಪ್ರಾಕೆಟ್ (ಫಿಲ್ಮಿನ ಅಂಚಿನ ತೂತುಗಳಿಗೆ ಸಿಕ್ಕಿ ಎಳೆಯುವ ಹಲ್ಲುಚಕ್ರ) ಇಲ್ಲದೆ ಎಳೆದರೆ ಚಿತ್ರ ಕುಣಿಯುತ್ತದೆ, ಅದರಿಂದ ಅಳತೆ ತೆಗೆಯುವುದಂತೂ ದೂರದ ಮಾತು ಎಂಬುದು ಅವರ ವಾದ. ಈಗ, ಅಮೆರಿಕದಲ್ಲಿ ಗಾಳಿಗೆ ತಿರುಚಿಕೊಂಡ ಟಕೋಮಾ ನ್ಯಾರೋಸ್ ತೂಗುಸೇತುವೆ ಕುಸಿದ ರೀಲು ಪೂರ್ತಿ ನನ್ನ ಡಿಸ್ಕಿನಲ್ಲಿದೆ. ಅದರಲ್ಲಿ ಅಲ್ಲಾಡುವುದು ಸೇತುವೆ ಮಾತ್ರ, ಫ್ರೇಮ್ ಅಲ್ಲ. ಅದೂ 1940ರ ನವೆಂಬರ್ 7ರಂದು ಅಲ್ಲಾಡಿದ ವೇಗದಲ್ಲೇ.

ನಾನಿರುವುದು ಸಿಯಾಟಲ್ ಹತ್ತಿರ, ಟಕೋಮಾ ಇಲ್ಲಿಂದ ಒಂದು ಗಂಟೆ ದಾರಿಯೂ ಅಲ್ಲ. ಶಾಲೆಗಳು ಹೊರಹಾಕಿದ ಪಾಠದ ರೀಲುಗಳ ಗಂಟಿನಲ್ಲಿ ಇದು ಸಿಕ್ಕಿತು. ಅರವತ್ತೋ ಎಪ್ಪತ್ತೋ ಡಾಲರ್ ಕೊಟ್ಟೆ. ಡಬ್ಬಿ ತೆರೆದರೆ ವಿನೆಗರ್ ವಾಸನೆ, ಫಿಲ್ಮ್ ಕೆಡುತ್ತಿರುವ ಗುರುತು. 7.62 ಮಿ.ಮೀ. ಇರಬೇಕಾದ ತೂತಿನ ಅಂತರ 7.5ರ ಆಸುಪಾಸಿಗೆ ಇಳಿದಿತ್ತು. ಮೂಲ ಚಿತ್ರೀಕರಣ ಟಕೋಮಾದಲ್ಲಿ ಕ್ಯಾಮೆರಾ ಅಂಗಡಿ ಇಟ್ಟಿದ್ದ ಬಾರ್ನಿ ಎಲಿಯಟ್ ಮತ್ತು ಹಾರ್ಬಿನ್ ಮನ್ರೋ ಅವರದು, ಕೊಡಾಕ್ರೋಮ್ ಬಣ್ಣದಲ್ಲಿ. ನನ್ನದು ಅದರ ಪ್ರತಿಯ ಪ್ರತಿ, ಕಪ್ಪು-ಬಿಳುಪು, ಅಂಚಿನಲ್ಲಿ ಧ್ವನಿಪಟ್ಟಿ.

ಮೊದಲು ಒಂದು ಲ್ಯಾಬಿಗೆ ಕೇಳಿದೆ, ಕುಗ್ಗಿದ್ದನ್ನು ಮುಟ್ಟುವುದಿಲ್ಲ ಎಂದರು. ಇನ್ನೊಂದು ಲ್ಯಾಬಿನವರು ಇದೇ ದೃಶ್ಯದ ಬೇರೊಂದು ಪ್ರತಿಯನ್ನು ಮಾಡಿಕೊಟ್ಟರು. ನೂರೈವತ್ತು ಡಾಲರ್ ಹೋಯಿತು. ಬಂದ ಫೈಲಿನಲ್ಲಿ ಅಕ್ಕಪಕ್ಕದ ಫ್ರೇಮುಗಳು ಒಂದರೊಳಗೊಂದು ಬೆರೆತಿದ್ದವು. ಅಂಥದ್ದರಲ್ಲಿ ಏನನ್ನು ಎಣಿಸುವುದು?

ಆಮೇಲೆ ಹಳೆಯ ಪ್ರೊಜೆಕ್ಟರ್ ಬಿಚ್ಚಿ, ಮೋಟಾರ್ ಬದಲಿಸಿ, ಸೆಕೆಂಡಿಗೆ ಎರಡು ಫ್ರೇಮಿನಂತೆ ಓಡಿಸಿದೆ. ಒಳ್ಳೆಯ ರೀಲಿಗೆ ಸೊಗಸಾಗಿ ನಡೆಯಿತು. ಕುಗ್ಗಿದ ಗುಜರಿ ರೀಲು ಹಾಕಿದರೆ ಕ್ಲಾ (ಫಿಲ್ಮನ್ನು ಫ್ರೇಮ್ ಫ್ರೇಮಾಗಿ ಎಳೆಯುವ ಕೊಕ್ಕೆ) ತೂತಿಗೆ ಬೀಳದೆ ಅಂಚನ್ನೇ ಹರಿಯಿತು. ಮುಂದೆ ಸ್ಟೆಪರ್ ಮೋಟಾರಿನಿಂದ ಪ್ರತಿ ಸಲ ಇಷ್ಟೇ ಉದ್ದ ಅಂತ ಎಳೆದು ನೋಡಿದೆ. ರೀಲು ಎಲ್ಲ ಕಡೆ ಒಂದೇ ಸಮ ಕುಗ್ಗಿರುವುದಿಲ್ಲ, ನೂರು ಫ್ರೇಮಿನೊಳಗೆ ಚಿತ್ರ ಗೇಟಿನಿಂದ (ಫ್ರೇಮ್ ಬಂದು ನಿಲ್ಲುವ ಕಿಂಡಿ) ಜಾರಿಹೋಗುತ್ತಿತ್ತು. ಲೇಸರಿನಿಂದ ತೂತು ಹಿಡಿಯುವ ಉಪಾಯ ತುಂಡು ಜೋಡಿಸಿದ ಪ್ರತಿ ಸ್ಪ್ಲೈಸಿನಲ್ಲೂ ಕೈಕೊಟ್ಟಿತು. ಇಷ್ಟಕ್ಕೇ ಐನೂರು ಡಾಲರ್ ಮೇಲೆ ಹೋಗಿತ್ತು.

ಗೆದ್ದದ್ದು ಹೀಗೆ: ರಬ್ಬರ್ ರೋಲರ್, ಎರಡೂ ಕಡೆ ಸಡಿಲವಾಗಿ ಎಳೆಯುವ ಮೋಟಾರ್, ಸ್ಟ್ರೋಬ್ ಎಲ್‌ಇಡಿ. ಗೇಟಿಗಿಂತ ದೊಡ್ಡದಾಗಿ, ತೂತೂ ಸೇರುವಂತೆ ಫೋಟೋ ಹಿಡಿಯುವುದು. ಫಿಲ್ಮ್ ಒಂದಿಷ್ಟು ಆಚೀಚೆ ಆದರೂ ಚಿಂತೆಯಿಲ್ಲ. ಬಳಿಕ ಸಾಫ್ಟ್‌ವೇರ್ ಪ್ರತಿ ತೂತಿನ ಅಂಚು ಹುಡುಕಿ ಫ್ರೇಮನ್ನು ಜಾಗಕ್ಕೆ ಕೂರಿಸುತ್ತದೆ. ಯಾವ ಅಂಚು ಎಂಬುದರಲ್ಲೇ ಎಲ್ಲ ಇದೆ: ಕ್ಲಾ ಎಳೆದು ಸವೆಸಿದ್ದಲ್ಲ, ಅದರ ಎದುರಿನದು. ತೂತಿಗೆ ಬೇರೆಯಾಗಿ ಬೆಳಕು ಕೊಡುವ ನನ್ನ ಏರ್ಪಾಡನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ. ಕ್ಯಾಮೆರಾಗೆ ಏಳುನೂರು, ಹಳೆಯ ಎನ್‌ಲಾರ್ಜರ್ ಲೆನ್ಸಿಗೆ ನಲವತ್ತು. ಕೆಟ್ಟದ್ದೂ ಸೇರಿ ಒಟ್ಟು ಎರಡು ಸಾವಿರ ಡಾಲರ್ ಹತ್ತಿರ. 400 ಅಡಿ ರೀಲು ಎಂದರೆ 16,000 ಫ್ರೇಮ್, ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಹಿಡಿಯುತ್ತದೆ.

ಇನ್ನು ವೇಗ. ಸೇತುವೆ ಒಂದು ಸಲ ಪೂರ್ತಿ ತಿರುಚಿ ಮತ್ತೆ ಅದೇ ಭಂಗಿಗೆ ಬರಲು ನನ್ನ ಪ್ರತಿಯಲ್ಲಿ ಸುಮಾರು 80 ಫ್ರೇಮ್. ಧ್ವನಿ ಇರುವ ಪ್ರತಿಯಾದ್ದರಿಂದ ಪ್ರೊಜೆಕ್ಟರ್ ಸೆಕೆಂಡಿಗೆ 24ರಂತೆ ಓಡಿಸುತ್ತದೆ, ಆಗ ನಿಮಿಷಕ್ಕೆ 18 ಸಲ. ಟಿವಿಯಲ್ಲಿ, ತರಗತಿಗಳಲ್ಲಿ ಎಲ್ಲರೂ ನೋಡಿರುವುದು ಈ 18ನ್ನೇ. ಅಂದು ಸ್ಥಳದಲ್ಲಿದ್ದವರು ದಾಖಲಿಸಿದ್ದು 12ರ ಆಸುಪಾಸು, ಅಂದರೆ ಐದು ಸೆಕೆಂಡಿಗೊಮ್ಮೆ. 80ನ್ನು ಐದರಿಂದ ಭಾಗಿಸಿದರೆ 16. ಮೂಕಿ ಕ್ಯಾಮೆರಾಗಳ ವೇಗ ಸರಿಯಾಗಿ ಅದೇ. ಅಮೆರಿಕದ ಭೌತಶಾಸ್ತ್ರ ಅಧ್ಯಾಪಕರು 2015ರಲ್ಲಿ ಇದನ್ನೇ ಪ್ರಕಟಿಸಿದ್ದರು. ನನ್ನ ಮನೆಯ ಯಂತ್ರವೂ ಅದೇ ಅಂಕಿ ಕೊಟ್ಟಾಗ ಅನುಮಾನಿಸಿದವರೆಲ್ಲ ಬಂದು ನೋಡಿ ಹೋದರು.

ಇದು ಸಣ್ಣ ವ್ಯತ್ಯಾಸವಲ್ಲ. ವೇಗ ಒಂದೂವರೆ ಪಟ್ಟಾದರೆ ವೇಗೋತ್ಕರ್ಷ 2.25 ಪಟ್ಟು. ಎರಡು ಗೋಪುರಗಳ ನಡುವೆ 2,800 ಅಡಿಯ ಹರವು, ಎಂಟಡಿ ಎತ್ತರದ ಗಟ್ಟಿ ತಗಡಿನ ಗರ್ಡರ್, ಗಂಟೆಗೆ 42 ಮೈಲಿಯ ಗಾಳಿ; ಇವುಗಳ ಜೊತೆ ತಪ್ಪು ವೇಗ ಸೇರಿಸಿ ಎಷ್ಟು ತಲೆಮಾರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತೋರಿಸಿದ್ದಾರೋ! ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫಾರ್ಕ್ಹರ್ಸನ್ ಅವರು ಕಾರಿನಲ್ಲಿ ಸಿಕ್ಕಿಬಿದ್ದ ನಾಯಿ ಟಬ್ಬಿಯನ್ನು ಬಿಡಿಸಲು ಹೋಗಿ, ಆಗದೆ, ಅಲುಗಾಟ ಕಡಿಮೆ ಇದ್ದ ನಡುಗೆರೆ ಹಿಡಿದು ಹಿಂದಿರುಗುತ್ತಾರಲ್ಲ, ಆ ದೃಶ್ಯವನ್ನು 16ರಲ್ಲಿ ನೋಡಿ. ಓಲಾಡುವ ನೆಲದ ಮೇಲೆ ಹೆಜ್ಜೆ ಊರಿ ನಡೆಯುವ ಮನುಷ್ಯ ಕಾಣುತ್ತಾರೆ. 24ರಲ್ಲಿ ಆ ಧೈರ್ಯ ಕಾಣುವುದೇ ಇಲ್ಲ.

ನಡುವೆ ಬೇರೆ ಪ್ರಯೋಗಗಳಿಗೂ ಕೈ ಹಾಕಿದೆ. ಧೂಳು ಎಲ್ಲಿದೆ ಎಂದು ಕಂಡು ತೆಗೆಯಲು ಇನ್‌ಫ್ರಾರೆಡ್ ಬೆಳಕು ಹಾಕಿದೆ. ಕಪ್ಪು-ಬಿಳುಪು ಫಿಲ್ಮಿನ ಬೆಳ್ಳಿಯೂ ಧೂಳಿನಂತೆಯೇ ಅದನ್ನು ತಡೆಯುತ್ತದೆ, ಕೆಲಸಕ್ಕೆ ಬರಲಿಲ್ಲ. ಗುಲಾಬಿಯಾಗಿ ಮಾಸಿದ ಸೇನೆಯ ಈಸ್ಟ್‌ಮನ್‌ಕಲರ್ ಬಣ್ಣದ ಪ್ರತಿಗೆ ಚೆನ್ನಾಗಿಯೇ ಹಿಡಿಯಿತು. ಅದೇ ಪ್ರತಿಗೆ ಕೆಂಪು, ಹಸಿರು, ನೀಲಿ ಎಲ್‌ಇಡಿಯಲ್ಲಿ ಬೇರೆಬೇರೆ ಎಕ್ಸ್‌ಪೋಷರ್ ಕೊಟ್ಟಾಗ ಆಕಾಶ ಮತ್ತೆ ನೀಲಿಯಾಯಿತು. ಅಪೊಲೊ ನೌಕೆಗಳ ಮಾರರ್ ಕ್ಯಾಮೆರಾಗೆ ಸೆಕೆಂಡಿಗೆ 1, 6, 12, 24 ಫ್ರೇಮ್ ಎಂಬ ಆಯ್ಕೆಗಳಿದ್ದವು. ಹಾಗಾಗಿ ನಾಸಾ ರೀಲುಗಳಿಗೆ ಶಾಟ್ ಶಾಟಿಗೂ ಹೊಸದಾಗಿ ಲೆಕ್ಕ ಹಾಕಬೇಕು. ಅಮೆರಿಕದ ಅಣ್ವಸ್ತ್ರ ಸಂಶೋಧನೆಯ ಲಿವರ್‌ಮೋರ್ ಪ್ರಯೋಗಾಲಯದವರು ಅಣುಪರೀಕ್ಷೆಗಳ ಹಳೆಯ ಫಿಲ್ಮುಗಳನ್ನು ಸ್ಕ್ಯಾನ್ ಮಾಡಿ, ಸ್ಫೋಟದ ಬಲವನ್ನು ಮತ್ತೆ ಅಳೆದದ್ದೂ ಫ್ರೇಮಿನ ಕಾಲ ಹಿಡಿದೇ.

ಹೀಗಾಗಿ ನಾನು ವಿಡಿಯೊ ಮಾಡಿ ಇಡುವುದಿಲ್ಲ. ಪ್ರತಿ ಫ್ರೇಮೂ ನಂಬರ್ ಹಾಕಿದ ಬಿಡಿ ಚಿತ್ರ, ಪಕ್ಕದಲ್ಲಿ ಶಾಟುವಾರು ವೇಗದ ಒಂದು ಪಟ್ಟಿ, ಅಷ್ಟೇ. ಈಗ ಗೇಟಿನಲ್ಲಿರುವುದು ಅಮೆರಿಕ ಸೇನೆಯ ಸಂಪರ್ಕ ದಳ ಸಿಗ್ನಲ್ ಕೋರ್‌ನ ಒಂದು ರೀಲು, ಎರಡು ಪರ್ಸೆಂಟ್ ಹತ್ತಿರ ಕುಗ್ಗಿದೆ. ರೋಲರ್ ಒತ್ತಡವನ್ನು ಅರ್ಧಕ್ಕೆ ಇಳಿಸಿದ್ದೇನೆ, ಮೊದಲ ಐವತ್ತು ಅಡಿ ಹರಿಯದೆ ಬಂದಿದೆ.