ಕಾಯಿ ಒಡೆಯೋ ಏಟಿಗೇ ಕ್ಯಾಮೆರಾ ಎಬ್ಬಿಸಿದೆ

ಗಡ್ಡದ ಕಪುಚಿನ್ ಕೋತಿ ಕಲ್ಲೆತ್ತಿ ಕಾಯಿ ಒಡೆಯೋ ಫೋಟೋ ಬೇಕಿತ್ತು, ಅದೂ ಹತ್ತಿರದಲ್ಲಿ ಮನುಷ್ಯರಿಲ್ಲದಾಗ. ಬ್ರೆಜಿಲ್‌ನ ಪಿಯಾವೀ ರಾಜ್ಯಕ್ಕೆ ಹೋಗಿದ್ದೇ ಅದಕ್ಕೆ. ಏಟಿನಿಂದ ಕ್ಯಾಮೆರಾ ಎಬ್ಬಿಸ್ತೀನಿ ಅಂದಾಗ ಗೆಳೆಯರು ನಕ್ಕರು. "ಬರೀ ಮರಕುಟಿಗದ ಸದ್ದಿಗೆ ಕಾರ್ಡ್ ತುಂಬಿಸ್ಕೊಂಡು ಬರ್ತೀಯ ಬಿಡು" ಅಂದರು. ಈಗ ಅವರೇ ಸರ್ಕ್ಯೂಟ್ ಕೇಳ್ತಿದ್ದಾರೆ.

ಮೊದಲ ಸಲ ಎಲ್ಲರ ಹಾಗೆ ಪಿಐಆರ್ ಟ್ರ್ಯಾಪ್ ಇಟ್ಟಿದ್ದೆ, ಅಂದರೆ ಸುತ್ತಲಿಗಿಂತ ಬಿಸಿಯಾದ ಮೈ ಅಲುಗಿದರೆ ತಾನೇ ಕ್ಲಿಕ್ ಆಗೋ ಕ್ಯಾಮೆರಾ. ಪಿಯಾವೀಯ ಜಿಲ್ಬುಯೆಸ್ ಕಡೆ ಒಣಗಾಲದ ಮಧ್ಯಾಹ್ನ ಬಂಡೆಯೂ ಕೋತಿಯ ಮೈಯಷ್ಟೇ ಕಾದಿರುತ್ತೆ, ಸೆನ್ಸರ್‌ಗೆ ವ್ಯತ್ಯಾಸ ಎಲ್ಲಿಂದ ಬರಬೇಕು? ಬಂಡೆ ಮೇಲೆ ಹಸಿ ಚಿಪ್ಪು ಬಿದ್ದಿದೆ, ಕಾರ್ಡಲ್ಲಿ ಏನೂ ಇಲ್ಲ. ವಿಮಾನ, ಜೀಪು, ಗೈಡು ಸೇರಿ ನಾಲ್ಕು ಲಕ್ಷದ ಹತ್ತಿರ ಹೋಯ್ತು. ಮನೇಲಿ ಏನಂದರು ಅಂತ ಬರೆಯಲ್ಲ.

ಎರಡನೇ ಸಲ ಹೋಗೋ ಮುಂಚೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಪೀಜೋ ಡಿಸ್ಕ್ ಕೊಂಡೆ, ಅದುರಿದರೆ ಕರೆಂಟ್ ಹುಟ್ಟಿಸೋ ಪುಟ್ಟ ಬಿಲ್ಲೆ. ಒಂದಕ್ಕೆ ಇಪ್ಪತ್ತೋ ಮೂವತ್ತೋ ರೂಪಾಯಿ. ಕೋತಿಗಳು ಬಳಸೋ ಬಂಡೆ ಹುಡುಕೋದು ಸುಲಭ. ಮೇಲೆ ಗುಳಿ ಬಿದ್ದಿರುತ್ತೆ, ಪಕ್ಕದಲ್ಲೇ ಉರುಟು ಕಲ್ಲು. ಜಮೀನಿನ ಯಜಮಾನರನ್ನ ಕೇಳಿ ಡಿಸ್ಕನ್ನ ಬಿರುಕಿನೊಳಗೆ ಕೂರಿಸಿದೆ. ಗಾಳಿಯ ಸದ್ದು ಬೇಡ, ಬಂಡೆ ಅದುರಿದರೆ ಸಾಕು. ಮರಕುಟಿಗದ ಮಾತು ಅಲ್ಲಿಗೆ ಮುಗೀತು.

ಮೊದಲ ಏಟು ಸಿಗಲ್ಲ, ಅದು ಎಬ್ಬಿಸೋಕೆ. ಆದರೆ ಆ ಪಾಮ್ ಕಾಯಿ ಒಂದೇ ಏಟಿಗೆ ಬಿಚ್ಚೋದು ಅಪರೂಪ ಅಲ್ವಾ. ಮುಂದಿನ ಸಲ ಕಲ್ಲು ಮೇಲೇರಿದಾಗ ಶಟರ್ ಬೀಳಬೇಕು. ನಡುವೆ ಎಷ್ಟು ತಡ ಇಟ್ಟೆ ಅನ್ನೋದು ನನ್ನ ಹತ್ತಿರವೇ ಇರಲಿ. ಒಡೆಯೋ ಮುಂಚೆ ಕಾಯನ್ನ ಬಂಡೆಗೆ ತಟ್ಟಿ ನೋಡ್ತಾವೆ. ಆ ಸಣ್ಣ ತಟ್ಟುಗಳನ್ನ ಸೋಸಿದ್ದು ಹೇಗೆ ಅನ್ನೋದನ್ನೂ ಕೇಳಬೇಡಿ.

ಸಿಕ್ಕಿದ ಫೋಟೋ ನೋಡಿ: ಮೂರೂವರೆ ಕಿಲೋ ಇರಬಹುದಾದ ಗಂಡು. ಹಿಂಗಾಲ ಮೇಲೆ ನೆಟ್ಟಗೆ ನಿಂತಿದೆ, ಬಾಲ ಬಂಡೆಗೆ ಒತ್ತಿದೆ. ಕಿಲೋ ಮೀರಿದ ಕಲ್ಲು ತಲೆಗಿಂತ ಮೇಲೆ. ಹಿಂದೆ ಒಂದು ಮರಿ ಚೂರಿಗಾಗಿ ಕಾಯ್ತಾ ಕೂತಿದೆ. ಒಂದು ಸಾವಿರದ ಇನ್ನೂರಲ್ಲಿ ಹತ್ತಿಪ್ಪತ್ತು ಫ್ರೇಮ್ ಇಂಥವು.

ಕೋತಿ ಗೋಡಂಬಿ ಒಡೆಯೋ ಫೋಟೋಗೂ ಪ್ರಯತ್ನ ಮಾಡಿದೆ. ಸೊನೆ ಕೈ ಸುಡೋದು ನಮ್ಮ ಕರಾವಳಿಯವರಿಗೆ ಗೊತ್ತು. ಗೇರು ಪೋರ್ಚುಗೀಸರ ಜೊತೆ ಬಂದದ್ದೂ ಬ್ರೆಜಿಲ್‌ನಿಂದಲೇ. ಒಣ ಬೀಜಕ್ಕೆ ಕೋತಿ ಹಾಕೋ ಏಟು ಹಗುರ, ಡಿಸ್ಕ್ ಏಳಲ್ಲ. ಸೆನ್ಸಿಟಿವಿಟಿ ಏರಿಸಿದೆ, ಓತಿಕ್ಯಾತ ಓಡಿದರೂ ಕ್ಲಿಕ್ ಆಗೋಕೆ ಶುರುವಾಯ್ತು. ಅರ್ಧ ಚೀಲ ಬ್ಯಾಟರಿ ಅದರಲ್ಲೇ ಹೋಯ್ತು. ಮುಂದಿನ ಸಲ ಒಂದೇ ಬಂಡೆಗೆ ಎರಡು ಡಿಸ್ಕ್ ಹಾಕ್ತೀನಿ.